ಆಸ್ಕರ್ 2024: ನನ್ನ ಆಯ್ಕೆ ಯಾವುದು, ನನ್ನ ಊಹೆ ಯಾವುದು

(ದೃಶ್ಯ: ಮೇಜಿನ ಮೇಲೆ ತೆರೆದಿಟ್ಟ ಉದ್ದನೆಯ ಲೆಕ್ಕದ ಪುಸ್ತಕ. ಹಾಳೆಯ ನಡುವೆ ಒಂದು ಗೆರೆ. ಎಡಕ್ಕೆ ‘ಆಯ್ಕೆ’, ಬಲಕ್ಕೆ ‘ಊಹೆ’ ಎಂದು ಬರೆದಿದೆ.)

ನಮಸ್ಕಾರ. ಇದೇ ಮಾರ್ಚ್ 10ರ ಭಾನುವಾರ ಸಂಜೆ ಲಾಸ್ ಏಂಜಲೀಸ್‌ನ ಡಾಲ್ಬಿ ಥಿಯೇಟರ್‌ನಲ್ಲಿ 96ನೇ ಆಸ್ಕರ್ ಪ್ರಶಸ್ತಿ ಪ್ರದಾನ ಸಮಾರಂಭ ನಡೆಯಲಿದೆ. ಅಲ್ಲಿ ಸಂಜೆ ನಾಲ್ಕು ಗಂಟೆಯಾದಾಗ ನಮ್ಮ ಶಿವಮೊಗ್ಗದಲ್ಲಿ ಸೋಮವಾರ ಬೆಳಗಿನ ಜಾವ ನಾಲ್ಕೂವರೆ ಆಗಿರುತ್ತದೆ. ಶಿವರಾತ್ರಿಯ ಜಾಗರಣೆ ಮುಗಿದು ಎರಡು ದಿನ ಕಳೆಯುವುದರೊಳಗೆ ಮತ್ತೊಮ್ಮೆ ನಿದ್ದೆ ಬಿಟ್ಟು ಕೂರುವ ಅವಕಾಶ ಈ ವರ್ಷ ಒದಗಿ ಬಂದಿದೆ.

ಈ ಪುಸ್ತಕದ ಗೆರೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಮತ ನನ್ನ ಕೈಯಲ್ಲಿ ಇದ್ದಿದ್ದರೆ ಯಾರಿಗೆ ಹಾಕುತ್ತಿದ್ದೆ ಎಂಬುದು ಆಯ್ಕೆ. ಮತ ಇರುವವರು ಯಾರಿಗೆ ಹಾಕಿದ್ದಾರೆ ಎಂಬುದು ಊಹೆ. ‘ಹಾಕಿದ್ದಾರೆ’ ಎಂದು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಅಂತಿಮ ಮತದಾನ ಫೆಬ್ರುವರಿ 27ಕ್ಕೇ ಮುಗಿದಿದೆ. ಇವೆರಡನ್ನೂ ಒಂದೇ ಕಡೆ ಬರೆದುಕೊಂಡರೆ, ಗೆಲ್ಲುವ ಕುದುರೆಯನ್ನೇ ನಮ್ಮ ಮೆಚ್ಚಿನ ಕುದುರೆ ಎಂದು ನಂಬಿಕೊಳ್ಳುವ ಅಪಾಯವಿದೆ. ನಾನೂ ಮೊದಲೆರಡು ವರ್ಷ ಹಾಗೆಯೇ ಮಾಡಿದ್ದೆ. ಗೆರೆ ಎಳೆದ ಮೇಲೆ ಎರಡೂ ಸ್ಪಷ್ಟವಾದವು.

ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗೆ ಇಂಥ ಊಹೆ ಸಾಧ್ಯವೇ ಎಂದು ಕೆಲವರು ಕೇಳುತ್ತಾರೆ. ಪ್ರಶಸ್ತಿ ಎಂಬ ಮಾತು ಮಲೆನಾಡಿಗೆ ಹೊಸದಲ್ಲ. 1977ರ ‘ಘಟಶ್ರಾದ್ಧ’ಕ್ಕೆ ಸ್ವರ್ಣ ಕಮಲ ತಂದುಕೊಟ್ಟ ಗಿರೀಶ್ ಕಾಸರವಳ್ಳಿಯವರೂ ಅದರ ಮೂಲ ಕಥೆ ಬರೆದ ಯು. ಆರ್. ಅನಂತಮೂರ್ತಿಯವರೂ ತೀರ್ಥಹಳ್ಳಿ ತಾಲ್ಲೂಕಿನವರು. ಅದೇ ನಿರ್ದೇಶಕರ ‘ದ್ವೀಪ’ಕ್ಕೆ ಸಾಗರದ ನಾ. ಡಿಸೋಜ ಅವರ ಕಾದಂಬರಿಯೇ ಆಧಾರ. ಅದಕ್ಕೂ ಸ್ವರ್ಣ ಕಮಲ ಬಂತು. ಆದರೆ ಅಲ್ಲಿ ಕೆಲವೇ ಮಂದಿಯ ಸಮಿತಿ ಚಿತ್ರಗಳನ್ನು ನೋಡಿ, ಚರ್ಚಿಸಿ ತೀರ್ಮಾನಿಸುತ್ತದೆ. ಕೊನೆಯ ಸುತ್ತಿನಲ್ಲಿ ಯಾರಿದ್ದಾರೆ ಎಂಬ ಪಟ್ಟಿ ಮೊದಲೇ ಹೊರಬರುವುದಿಲ್ಲ. ಪಟ್ಟಿಯೇ ಇಲ್ಲದ ಮೇಲೆ ಊಹಿಸಲು ಹಿಡಿತ ಸಿಗುವುದಿಲ್ಲ. ಆಸ್ಕರ್‌ನಲ್ಲಿ ಪಟ್ಟಿ ಜನವರಿ 23ಕ್ಕೇ ಬಂದಿದೆ, ಮತ ಹಾಕುವವರು ಒಂಬತ್ತು ಸಾವಿರಕ್ಕೂ ಹೆಚ್ಚು. ಅಷ್ಟು ದೊಡ್ಡ ಗುಂಪಿನ ಮನಸ್ಸು ಯಾವ ಕಡೆ ವಾಲಿದೆ ಎಂಬುದಕ್ಕೆ ಮುಂಚಿತವಾಗಿಯೇ ಸುಳಿವುಗಳು ಸಿಗುತ್ತವೆ.

(ದೃಶ್ಯ: ಅಡಿಕೆ ಸುಲಿಯುವ ಚಪ್ಪರ. ಮೆಟ್ಟುಗತ್ತಿಗಳ ಸಾಲು.)

ಅತ್ಯುತ್ತಮ ಚಿತ್ರವನ್ನು ಆರಿಸುವ ಕ್ರಮ ಮಿಕ್ಕ ವಿಭಾಗಗಳಿಗಿಂತ ಬೇರೆ. ಉಳಿದ ಕಡೆ ಯಾರಿಗೆ ಹೆಚ್ಚು ಮತವೋ ಅವರೇ ವಿಜೇತರು. ಇಲ್ಲಿ ಮಾತ್ರ ಹತ್ತು ಚಿತ್ರಗಳನ್ನು ಒಂದು, ಎರಡು, ಮೂರು ಎಂದು ಇಷ್ಟದ ಕ್ರಮದಲ್ಲಿ ಬರೆಯಬೇಕು. ಇದನ್ನು ನಮ್ಮ ಮನೆಯ ಲೆಕ್ಕದಲ್ಲಿ ಹೇಳುತ್ತೇನೆ. ಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯಲು ಒಂಬತ್ತು ಜನ ಸೇರಿದ್ದಾರೆ, ನಾಳೆ ಬೆಳಗಿನ ತಿಂಡಿಗೆ ಏನು ಎಂಬ ಪ್ರಶ್ನೆ ಬಂದಿದೆ ಎಂದುಕೊಳ್ಳಿ. ನಾಲ್ವರು ಅಕ್ಕಿ ರೊಟ್ಟಿ ಎನ್ನುತ್ತಾರೆ, ಮೂವರು ಕೊಟ್ಟೆ ಕಡುಬು, ಇಬ್ಬರು ನೀರುದೋಸೆ. ಅರ್ಧಕ್ಕಿಂತ ಹೆಚ್ಚು, ಅಂದರೆ ಐದು ಮತ, ಯಾವುದಕ್ಕೂ ಬಂದಿಲ್ಲ. ಆಗ ಎಲ್ಲಕ್ಕಿಂತ ಕಡಿಮೆ ಮತ ಪಡೆದ ನೀರುದೋಸೆಯನ್ನು ಕೈಬಿಟ್ಟು, ಆ ಇಬ್ಬರ ಚೀಟಿಯಲ್ಲಿ ಎರಡನೆಯದಾಗಿ ಏನು ಬರೆದಿದೆ ಎಂದು ನೋಡುತ್ತಾರೆ. ಇಬ್ಬರೂ ಕಡುಬು ಎಂದಿದ್ದರೆ ಕಡುಬಿಗೆ ಐದಾಗುತ್ತದೆ. ಮೊದಲ ಸುತ್ತಿನಲ್ಲಿ ಮುಂದಿದ್ದ ರೊಟ್ಟಿ ಹಿಂದೆ ಬೀಳುತ್ತದೆ.

ಹೀಗಾಗಿ ಈ ವಿಭಾಗದಲ್ಲಿ ಕೆಲವರು ತಲೆಯ ಮೇಲೆ ಹೊತ್ತು ಕುಣಿಯುವ, ಇನ್ನು ಕೆಲವರು ದೂರವಿಡುವ ಚಿತ್ರಕ್ಕಿಂತ, ಬಹುಪಾಲು ಜನ ಎರಡನೆಯದೋ ಮೂರನೆಯದೋ ಆಗಿ ಬರೆಯುವ ಚಿತ್ರಕ್ಕೆ ಅನುಕೂಲ ಹೆಚ್ಚು. ಈ ವರ್ಷ, ಅಣುಬಾಂಬ್ ತಯಾರಿಕೆಯ ಮುಂದಾಳತ್ವ ವಹಿಸಿದ ವಿಜ್ಞಾನಿಯ ಕಥೆ ಹೇಳುವ ‘ಆಪನ್‌ಹೈಮರ್’ಗೆ ಎರಡೂ ಬಲ ಇದೆ. ಹದಿಮೂರು ನಾಮನಿರ್ದೇಶನಗಳೊಂದಿಗೆ ಅದೇ ಪಟ್ಟಿಯಲ್ಲಿ ಮೊದಲು. ನಿರ್ಮಾಪಕರ ಸಂಘ, ನಿರ್ದೇಶಕರ ಸಂಘ, ನಟರ ಸಂಘ, ಬ್ರಿಟನ್ನಿನ ಚಲನಚಿತ್ರ ಪ್ರಶಸ್ತಿಯಾದ ಬಾಫ್ಟಾ ಎಲ್ಲವೂ ಅದಕ್ಕೇ ಮಣೆ ಹಾಕಿವೆ. ಆ ಸಂಘಗಳ ಸದಸ್ಯರಲ್ಲಿ ಅನೇಕರು ಆಸ್ಕರ್‌ನ ಮತದಾರರೂ ಹೌದು. ಬಲಗಡೆಯ ಹಾಳೆಯಲ್ಲಿ ನಾನು ಯಾವ ಅನುಮಾನವೂ ಇಲ್ಲದೆ ‘ಆಪನ್‌ಹೈಮರ್’ ಎಂದು ಬರೆದಿದ್ದೇನೆ. ಕಳೆದ ಜುಲೈನ ಮಳೆಯಲ್ಲಿ ಒದ್ದೆಯಾದ ಬಟ್ಟೆಯಲ್ಲೇ ಮೂರು ಗಂಟೆ ಕುಳಿತು ಅದನ್ನು ನೋಡಿದ್ದು ನೆನಪಿದೆ. ಮಧ್ಯಂತರದಲ್ಲೂ ಯಾರೂ ಹೆಚ್ಚು ಮಾತನಾಡಲಿಲ್ಲ.

ಎಡಗಡೆ ಬರೆದಿರುವುದು ಬೇರೆ ಹೆಸರು. ಸೆಲೀನ್ ಸಾಂಗ್ ಅವರ ಮೊದಲ ಚಿತ್ರ ‘ಪಾಸ್ಟ್ ಲೈವ್ಸ್’.

(ದೃಶ್ಯ: ಬರಿಯ ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬಿಡಿಸಿದ ಕವಲುದಾರಿ. ಒಂದು ಮೆಟ್ಟಿಲೇರಿ ಹೋಗುತ್ತದೆ, ಇನ್ನೊಂದು ಸಮತಟ್ಟಾಗಿ ಸಾಗುತ್ತದೆ.)

ಸೋಲ್ ನಗರದಲ್ಲಿ ಹನ್ನೆರಡು ವರ್ಷದ ಇಬ್ಬರು ಮಕ್ಕಳು ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದಾರೆ. ಹುಡುಗಿಯ ಕುಟುಂಬ ಕೆನಡಾಕ್ಕೆ ಹೊರಟಿದೆ. ಒಂದು ಕವಲಿನಲ್ಲಿ ಆಕೆ ಮೆಟ್ಟಿಲು ಹತ್ತುತ್ತಾಳೆ, ಆತ ನೇರ ದಾರಿಯಲ್ಲಿ ನಡೆಯುತ್ತಾನೆ. ಒಂದೇ ಚೌಕಟ್ಟಿನಲ್ಲಿ ಎರಡೂ ದಾರಿ ಕಾಣಿಸುತ್ತದೆ. ಕಣ್ಣೀರಿನ ಸಂಗೀತವಿಲ್ಲ, ಹಿಂತಿರುಗಿ ಓಡಿಬರುವುದಿಲ್ಲ. ಇಪ್ಪತ್ತನಾಲ್ಕು ವರ್ಷದ ನಂತರ ನ್ಯೂಯಾರ್ಕಿನಲ್ಲಿ ಅವರಿಬ್ಬರೂ ಭೇಟಿಯಾಗುವ ಹೊತ್ತಿಗೆ ಆಕೆಗೆ ಮದುವೆಯಾಗಿದೆ, ಗಂಡ ಒಳ್ಳೆಯವನು, ಯಾರೂ ಖಳರಲ್ಲ. ಕೊರಿಯನ್ನರ ‘ಇನ್ಯೋನ್’ ಎಂಬ ಮಾತನ್ನು ಚಿತ್ರ ಹಿಡಿದುಕೊಳ್ಳುತ್ತದೆ. ದಾರಿಯಲ್ಲಿ ಇಬ್ಬರು ಅಪರಿಚಿತರ ಬಟ್ಟೆಗಳು ತಾಕಿದರೂ ಹಿಂದಿನ ಜನ್ಮದ ಸಂಬಂಧ ಇದ್ದಿರಬೇಕು, ಮದುವೆಯಾಗುವ ಇಬ್ಬರ ನಡುವೆ ಎಂಟು ಸಾವಿರ ಜನ್ಮಗಳ ಪದರಗಳಿರುತ್ತವೆ ಎಂಬ ನಂಬಿಕೆ ಅದು. ಇಂಗ್ಲಿಷ್‌ನಲ್ಲಿ ಅದನ್ನು ವಿವರಿಸಲು ಒಂದಿಷ್ಟು ವಾಕ್ಯಗಳನ್ನೇ ಬಳಸಬೇಕಾಗಿದೆ. ನಮಗೆ ಒಂದು ಪದ ಸಾಕು, ಋಣಾನುಬಂಧ. ಆ ಪದ ನಾಲಿಗೆಯ ತುದಿಗೆ ಬಂದ ಕ್ಷಣದಿಂದ ಚಿತ್ರ ನನಗೆ ನಮ್ಮೂರಿನದೇ ಅನಿಸಿತು. ಹೊಸನಗರದ ಕಡೆಯಾಗಲಿ ಸಾಗರದ ಕಡೆಯಾಗಲಿ, ಮಕ್ಕಳು ಬೆಂಗಳೂರಿಗೋ ಇನ್ನೂ ದೂರಕ್ಕೋ ಹೋಗಿ, ತೋಟದ ಮನೆಯಲ್ಲಿ ವಯಸ್ಸಾದ ಇಬ್ಬರೇ ಉಳಿದ ಊರುಗಳನ್ನು ಬಲ್ಲವರಿಗೆ, ಊರು ಬಿಟ್ಟವರು ಹಿಂದೆ ಬಿಟ್ಟುಹೋಗುವುದು ಏನನ್ನು ಎಂದು ಆ ಚಿತ್ರ ಹೇಳುವ ಬಗೆ ಎದೆಗೆ ನಾಟದೆ ಇರದು.

ಆದರೂ ಅದು ಗೆಲ್ಲಲಾರದು. ಅದಕ್ಕೆ ಸಿಕ್ಕಿರುವುದು ಎರಡೇ ನಾಮನಿರ್ದೇಶನ, ಅತ್ಯುತ್ತಮ ಚಿತ್ರ ಮತ್ತು ಮೂಲ ಚಿತ್ರಕಥೆ. ನಿರ್ದೇಶನ, ಸಂಕಲನ, ನಟನೆ ಯಾವುದರಲ್ಲೂ ಹೆಸರಿಲ್ಲದ ಚಿತ್ರ ಮೇಲೇರುವುದು ಬಹಳ ಕಷ್ಟ. ಭಾಷೆ ಅಡ್ಡಿ ಎಂದು ಮಾತ್ರ ಹೇಳಲಾರೆ. 2020ರಲ್ಲಿ ಕೊರಿಯಾದ ‘ಪ್ಯಾರಸೈಟ್’ ಈ ಪ್ರಶಸ್ತಿಯನ್ನು ಪಡೆದು ಆ ಗೋಡೆಯನ್ನು ಒಡೆದಿದೆ. ಮೂಲ ಚಿತ್ರಕಥೆಯಲ್ಲೂ ನನ್ನ ಆಯ್ಕೆ ‘ಪಾಸ್ಟ್ ಲೈವ್ಸ್’, ಊಹೆ ‘ಅನಾಟಮಿ ಆಫ್ ಎ ಫಾಲ್’.

ನಿರ್ದೇಶನಕ್ಕೆ ‘ಆಪನ್‌ಹೈಮರ್’ನ ಕ್ರಿಸ್ಟೊಫರ್ ನೋಲನ್ ಎಂಬ ಊಹೆಯಲ್ಲಿ ಚರ್ಚೆಗೆ ಜಾಗವಿಲ್ಲ. ನಟರಲ್ಲಿ ಅದೇ ಚಿತ್ರದ ಕಿಲಿಯನ್ ಮರ್ಫಿ, ಪೋಷಕ ಪಾತ್ರಗಳಲ್ಲಿ ಅದೇ ಚಿತ್ರದ ರಾಬರ್ಟ್ ಡೌನಿ ಜೂನಿಯರ್ ಮತ್ತು ‘ದ ಹೋಲ್ಡೋವರ್ಸ್’ನ ಡಿವೈನ್ ಜಾಯ್ ರ‍್ಯಾಂಡಾಲ್ಫ್. ಈ ಮೂರು ಹೆಸರುಗಳು ಎರಡೂ ಅಂಕಣಗಳಲ್ಲಿವೆ. ‘ಬಾರ್ಬಿ’ಯ ಗ್ರೆಟಾ ಗರ್ವಿಗ್ ನಿರ್ದೇಶಕರ ಪಟ್ಟಿಯಲ್ಲಿ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ನಾಮನಿರ್ದೇಶನದ ನಿಯಮದಲ್ಲಿದೆ. ಅತ್ಯುತ್ತಮ ಚಿತ್ರದ ಪಟ್ಟಿಯನ್ನು ಎಲ್ಲ ಸದಸ್ಯರೂ ಸೇರಿ ಮಾಡುತ್ತಾರೆ, ನಿರ್ದೇಶಕರ ಪಟ್ಟಿಯನ್ನು ನಿರ್ದೇಶಕರ ವಿಭಾಗ ಮಾತ್ರ. ಮೊದಲನೆಯದಕ್ಕೆ ಹತ್ತು ಜಾಗ, ಎರಡನೆಯದಕ್ಕೆ ಐದು.

ನಟಿಯರ ವಿಭಾಗದಲ್ಲಿ ಮಾತ್ರ ನನ್ನ ಪೆನ್ಸಿಲ್ ಬಹಳ ಹೊತ್ತು ನಿಂತಿತ್ತು. ‘ಪೂರ್ ಥಿಂಗ್ಸ್’ನ ಎಮ್ಮಾ ಸ್ಟೋನ್ ಬಾಫ್ಟಾ ಗೆದ್ದಿದ್ದಾರೆ. ‘ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್’ನ ಲಿಲಿ ಗ್ಲ್ಯಾಡ್‌ಸ್ಟನ್ ನಟರ ಸಂಘದ ಪ್ರಶಸ್ತಿ ಗೆದ್ದಿದ್ದಾರೆ. ಗೋಲ್ಡನ್ ಗ್ಲೋಬ್‌ನಲ್ಲಿ ಇಬ್ಬರಿಗೂ ಬೇರೆ ಬೇರೆ ವಿಭಾಗದಲ್ಲಿ ಗೆಲುವು. ಬಾಫ್ಟಾ ಪಟ್ಟಿಯಲ್ಲಿ ಗ್ಲ್ಯಾಡ್‌ಸ್ಟನ್ ಹೆಸರೇ ಇರಲಿಲ್ಲ ಎಂಬುದು ಚಿಂತೆಯ ವಿಷಯ. ಆದರೂ ಆಸ್ಕರ್ ಮತದಾರರಲ್ಲಿ ನಟರೇ ಅತಿ ದೊಡ್ಡ ಗುಂಪಾದ್ದರಿಂದ ಬಲಗಡೆ ಅವರ ಹೆಸರನ್ನೇ ಬರೆದೆ. ಎಡಗಡೆಯೂ ಅವರದೇ. ಅಮೆರಿಕದ ಮೂಲನಿವಾಸಿ ಸಮುದಾಯದಿಂದ ಈ ವಿಭಾಗಕ್ಕೆ ನಾಮನಿರ್ದೇಶನಗೊಂಡ ಮೊದಲಿಗರು ಅವರು. 1920ರ ದಶಕದ ಓಕ್ಲಹಾಮಾದಲ್ಲಿ ತಮ್ಮ ನೆಲದಡಿ ಎಣ್ಣೆ ಸಿಕ್ಕ ಕಾರಣಕ್ಕೇ ಕೊಲೆಯಾದ ಓಸೇಜ್ ಜನರ ಕಥೆಯಲ್ಲಿ, ತನ್ನ ಮನೆಯೊಳಗೇ ನಡೆಯುತ್ತಿರುವ ಮೋಸವನ್ನು ಅನುಮಾನಿಸುತ್ತಲೂ ಗಂಡನನ್ನು ನಂಬುವ ಹೆಂಗಸನ್ನು ಅವರು ಹೆಚ್ಚಾಗಿ ಕಣ್ಣುಗಳಿಂದಲೇ ಅಭಿನಯಿಸಿದ್ದಾರೆ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ನೆಲ ಕಳೆದುಕೊಂಡವರ ನಡುವೆ ಬೆಳೆದವನು ನಾನು. ಆ ಮುಳುಗಡೆಯೂ ಈ ಕೊಲೆಗಳೂ ಒಂದೇ ಅಲ್ಲ, ಹಾಗೆ ಹೋಲಿಸುವುದು ಇಬ್ಬರಿಗೂ ಅನ್ಯಾಯ. ಆದರೆ ನೆಲದ ಬಗ್ಗೆ ಮಾತು ಬಂದಾಗ ಹಿರಿಯರು ಮುಖ ತಿರುಗಿಸಿ ಸುಮ್ಮನಾಗುವುದನ್ನು ನಾನು ನೋಡಿದ್ದೇನೆ, ಅಂಥದೇ ಮೌನ ಗ್ಲ್ಯಾಡ್‌ಸ್ಟನ್ ಅವರಲ್ಲಿದೆ.

(ದೃಶ್ಯ: ಪರದೆ ಕಪ್ಪಾಗುತ್ತದೆ. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಮಾತ್ರ.)

ಶಬ್ದ ವಿಭಾಗವನ್ನು ಸಾಮಾನ್ಯವಾಗಿ ಯಾರೂ ಚರ್ಚಿಸುವುದಿಲ್ಲ. ಈ ವರ್ಷ ಅದೇ ನನಗೆ ಅತಿ ಮುಖ್ಯ ವಿಭಾಗ. ಜೊನಾಥನ್ ಗ್ಲೇಜರ್ ಅವರ ‘ದ ಝೋನ್ ಆಫ್ ಇಂಟರೆಸ್ಟ್’ ಆರಂಭವಾಗುವುದೇ ದೀರ್ಘವಾದ ಕಪ್ಪು ಪರದೆಯಿಂದ. ನಾಜಿಗಳು ಯಹೂದಿಗಳನ್ನು ಕೊಲ್ಲುತ್ತಿದ್ದ ಆಶ್ವಿಟ್ಜ್ ಶಿಬಿರದ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಅದರ ಅಧಿಕಾರಿ ರುಡಾಲ್ಫ್ ಹೋಸ್ ಹೆಂಡತಿ ಮಕ್ಕಳೊಂದಿಗೆ ವಾಸವಾಗಿದ್ದಾನೆ. ಹೂದೋಟ, ಮಕ್ಕಳ ಆಟ, ಊಟದ ಮೇಜು ಎಲ್ಲವೂ ಕಾಣುತ್ತದೆ. ಗೋಡೆಯ ಆಚೆ ನಡೆಯುವುದನ್ನು ಚಿತ್ರ ತೋರಿಸುವುದಿಲ್ಲ. ಗುಂಡಿನ ಸದ್ದು, ದೂರದ ಕೂಗು, ಎಡೆಬಿಡದೆ ಮೊರೆಯುವ ಯಂತ್ರದ ಶಬ್ದ ಮಾತ್ರ ಕೇಳುತ್ತದೆ. ಸ್ವಲ್ಪ ಹೊತ್ತಿನ ನಂತರ ನಮ್ಮ ಕಿವಿಯೂ ಅದಕ್ಕೆ ಒಗ್ಗಿಕೊಂಡಿದೆ ಎಂದು ಗೊತ್ತಾದಾಗ ಮೈ ನಡುಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ರಾತ್ರಿಯಿಡೀ ಸುರಿಯುವ ಮಳೆಯ ಸದ್ದು ನಮಗೆ ಕೇಳಿಸುವುದು ಅದು ನಿಂತಾಗ; ಕಿವಿ ಎಷ್ಟು ಬೇಗ ಒಗ್ಗುತ್ತದೆ ಎಂದು ನಾವು ಬಲ್ಲೆವು. ಜಾನಿ ಬರ್ನ್ ಮತ್ತು ಟಾರ್ನ್ ವಿಲ್ಲರ್ಸ್ ಅವರ ಈ ಕೆಲಸಕ್ಕೆ ನನ್ನ ಮತ. ಊಹೆಯ ಕಡೆ ‘ಆಪನ್‌ಹೈಮರ್’ ಎಂದು ಬರೆದಿದ್ದೇನೆ, ಅದು ತಪ್ಪಾಗಲಿ ಎಂದು ಮನಸಾರೆ ಹಾರೈಸುತ್ತೇನೆ. ಅಂತರರಾಷ್ಟ್ರೀಯ ಚಿತ್ರ ವಿಭಾಗದಲ್ಲಿ ಆಯ್ಕೆ, ಊಹೆ ಎರಡೂ ಗ್ಲೇಜರ್ ಅವರ ಚಿತ್ರವೇ. ಭಾರತ ಕಳುಹಿಸಿದ್ದ ಮಲಯಾಳದ ಚಿತ್ರ ‘2018’ ಹದಿನೈದರ ಪಟ್ಟಿಯನ್ನೂ ತಲುಪಲಿಲ್ಲ.

ಅನಿಮೇಷನ್‌ನಲ್ಲಿ ಊಹೆ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’, ಆಯ್ಕೆ ಹಯಾವೊ ಮಿಯಾಝಾಕಿ ಅವರ ‘ದ ಬಾಯ್ ಆ್ಯಂಡ್ ದ ಹೆರಾನ್’. ಛಾಯಾಗ್ರಹಣಕ್ಕೆ ‘ಆಪನ್‌ಹೈಮರ್’ನ ಹೊಯ್ಟೆ ವಾನ್ ಹೊಯ್ಟೆಮಾ ಎರಡೂ ಕಡೆ ಇದ್ದಾರೆ; ಐಮ್ಯಾಕ್ಸ್ ಕ್ಯಾಮೆರಾಕ್ಕೆ ಕಪ್ಪು ಬಿಳುಪಿನ ಫಿಲ್ಮನ್ನು ಕೊಡಾಕ್ ಮೊದಲ ಬಾರಿಗೆ ತಯಾರಿಸಿದ್ದೇ ಈ ಚಿತ್ರಕ್ಕಾಗಿ.

ಕೊನೆಯದು ಹಾಡು. ಕಳೆದ ವರ್ಷ ‘ನಾಟು ನಾಟು’ ಗೆದ್ದ ಬೆಳಿಗ್ಗೆಯೇ ಮುದುಮಲೈ ಆನೆಗಳ ಕಿರು ಸಾಕ್ಷ್ಯಚಿತ್ರ ‘ದ ಎಲಿಫೆಂಟ್ ವಿಸ್ಪರರ್ಸ್’ ಕೂಡ ಗೆದ್ದಿತ್ತು. ಸಕ್ರೆಬೈಲಿನ ಆನೆ ಬಿಡಾರವನ್ನು ಮಕ್ಕಳಾಗಿದ್ದಾಗಿನಿಂದ ನೋಡಿದ ನಮಗೆ ಅದು ಇಮ್ಮಡಿ ಸಂತೋಷ. ಈ ವರ್ಷ ಹಾಡಿನಲ್ಲಿ ಊಹೆ ‘ಬಾರ್ಬಿ’ಗಾಗಿ ಬಿಲ್ಲಿ ಐಲಿಶ್ ಹಾಡಿದ ಗೀತೆ. ಆಯ್ಕೆ ‘ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್’ನ ಕೊನೆಯಲ್ಲಿ ಬರುವ, ಸ್ಕಾಟ್ ಜಾರ್ಜ್ ಅವರ ಓಸೇಜ್ ಭಾಷೆಯ ಹಾಡು. ಒಂದು ದೊಡ್ಡ ನಗಾರಿಯ ಸುತ್ತ ಹಾಡುಗಾರರು ಕುಳಿತು ಬಾರಿಸುತ್ತಾ ಹಾಡುತ್ತಾರೆ, ಅವರ ಸುತ್ತ ಜನ ಕುಣಿಯುತ್ತಾರೆ. ಆಕಾಶದಿಂದ ಕೆಳಗೆ ನೋಡುವ ಕ್ಯಾಮೆರಾಕ್ಕೆ ಅದು ಅರಳುವ ಹೂವಿನಂತೆ ಕಾಣುತ್ತದೆ. ಓಸೇಜ್ ಗಾಯಕರು ಸಮಾರಂಭದ ವೇದಿಕೆಯ ಮೇಲೆಯೇ ಇದನ್ನು ಹಾಡಲಿದ್ದಾರೆ. ಆ ನಗಾರಿಯ ಮೊದಲ ಪೆಟ್ಟು ಬೀಳುವಾಗ ಟಿ.ವಿ.ಯ ಧ್ವನಿಯನ್ನು ತಗ್ಗಿಸಬೇಡಿ ಎಂದು ನಮ್ಮ ಮನೆಯಲ್ಲಿ ಈಗಲೇ ಹೇಳಿಟ್ಟಿದ್ದೇನೆ.

(ದೃಶ್ಯ: ಪುಸ್ತಕ ಮುಚ್ಚುತ್ತದೆ. ಮೇಲೆ ಪೆನ್ಸಿಲ್ ಇಡುವ ಕೈ.)