ಚಪ್ಪಲಿ ಕಿತ್ತುಹೋದ ಐದು ನಿಮಿಷ

ನಾಲ್ಕನೇ ಕ್ಲಾಸಿನ ಮಕ್ಕಳಿಗೆ ‘ನನ್ನ ಪ್ರವಾಸ’ ಅಂತ ಬರೆಯೋಕೆ ಕೊಟ್ಟು ನೋಡಿ. ಬೆಳಿಗ್ಗೆ ಎದ್ದೆವು, ಬಸ್ಸು ಹತ್ತಿದೆವು, ತಿಂಡಿ ತಿಂದೆವು, ತುಂಬಾ ಖುಷಿಯಾಯಿತು. ಎಲ್ಲರ ನೋಟ್‌ಬುಕ್ಕಲ್ಲೂ ಇದೇ. ಮಕ್ಕಳ ತಪ್ಪಲ್ಲ ಇದು. ಎರಡು ದಿನದ ಪ್ರವಾಸವನ್ನ ಒಂದು ಪುಟಕ್ಕೆ ತುಂಬು ಅಂದ್ರೆ ಪಟ್ಟಿಯೇ ಬರೋದು.

ಅದಕ್ಕೇ ಮೊದಲು ವಿಷಯವನ್ನ ಚಿಕ್ಕದು ಮಾಡಿ. ನಿನ್ನೆಯೋ ಮೊನ್ನೆಯೋ ನಡೆದಿರಬೇಕು, 5 ನಿಮಿಷದಲ್ಲಿ ಮುಗಿದಿರಬೇಕು. ಹಲ್ಲು ಬಿದ್ದದ್ದು, ಹಾಲಿನ ಪ್ಯಾಕೆಟ್ ಒಡೆದದ್ದು, ಊಟದ ಮಧ್ಯೆ ಕರೆಂಟು ಹೋದದ್ದು.

ಬರೆಸೋಕೆ ಮುಂಚೆ ಮಾತಾಡಿಸಿ. ಇಬ್ಬಿಬ್ಬರನ್ನ ಕೂರಿಸಿ, ಒಬ್ಬರು 2 ನಿಮಿಷ ಹೇಳಲಿ, ಇನ್ನೊಬ್ಬರು 3 ಪ್ರಶ್ನೆ ಕೇಳಲಿ. ಇದನ್ನ ಬಿಟ್ಟರೆ ಎಷ್ಟೋ ಮಕ್ಕಳು ಪೆನ್ಸಿಲ್ ಕಚ್ಚಿಕೊಂಡೇ ಕೂತಿರ್ತಾರೆ. ಆಮೇಲೆ ಒಂದು ಹಾಳೆಯನ್ನ ನಾಲ್ಕು ಭಾಗ ಆಗೋ ಹಾಗೆ ಮಡಚಿ, ನಡೆದದ್ದನ್ನ ಒಂದೊಂದರಲ್ಲಿ ಒಂದೊಂದು ಚಿತ್ರವಾಗಿ ಬಿಡಿಸಲಿ. ಕಡ್ಡಿ ಮನುಷ್ಯರು ಸಾಕು.

ಈಗ ಮಗು ಬರೆದಿದೆ ಅಂತಿಟ್ಟುಕೊಳ್ಳಿ: ‘ದಾರಿಯಲ್ಲಿ ಚಪ್ಪಲಿ ಕಿತ್ತುಹೋಯಿತು. ನನಗೆ ಬೇಜಾರಾಯಿತು.’ ‘ಇನ್ನೂ ವಿವರವಾಗಿ ಬರಿ’ ಅನ್ನಬೇಡಿ, ಅದರಿಂದ ಮಗುವಿಗೆ ಏನೂ ತಿಳಿಯಲ್ಲ. ಕಾಲಿನ ಬಗ್ಗೆ, ಕೈ ಬಗ್ಗೆ ಕೇಳಿ. ಕಿತ್ತದ್ದು ಉಂಗುಷ್ಟವಾ, ಪಟ್ಟಿಯಾ? ಚಪ್ಪಲಿಯನ್ನ ಏನು ಮಾಡಿದೆ? ನೆಲ ಬಿಸಿಯಿತ್ತಾ? ಯಾರಾದ್ರೂ ಏನಾದ್ರೂ ಅಂದ್ರಾ? ಆಗ ಬರುತ್ತೆ ನೋಡಿ: ‘ಉಂಗುಷ್ಟ ಕಿತ್ತುಬಂತು. ಚಪ್ಪಲಿ ಕೈಯಲ್ಲಿ ಹಿಡಿದೆ. ಡಾಂಬರು ಸುಡುತ್ತಿತ್ತು, ರಸ್ತೆ ಪಕ್ಕದ ಹುಲ್ಲಿನ ಮೇಲೆ ಕುಂಟಿಕೊಂಡು ಹೋದೆ. ಅಜ್ಜಿ ಬಳೆಯಿಂದ ಪಿನ್ನು ತೆಗೆದು ಚುಚ್ಚಿ, ಹಾಕ್ಕೋ ಮಗಾ, ನಾಳಿಗಂಟ ಬತ್ತದೆ ಅಂದಳು.’ ಬೇಜಾರು ಅನ್ನೋ ಪದವೇ ಇಲ್ಲ, ಆದರೂ ನಮಗೆ ಗೊತ್ತಾಗುತ್ತೆ.

ಅಜ್ಜಿಯ ಆ ಮಾತನ್ನ ‘ನಾಳೆಯವರೆಗೆ ಬರುತ್ತದೆ’ ಅಂತ ದಯವಿಟ್ಟು ತಿದ್ದಬೇಡಿ. ಮನೆಮಾತು ತಪ್ಪು ಅಂತ ಒಂದು ಸಲ ಅನ್ನಿಸಿದರೆ, ಮಗು ಆಮೇಲೆ ಪಠ್ಯಪುಸ್ತಕದ ಸಾಲನ್ನೇ ಬರೆಯುತ್ತೆ. ಒತ್ತಕ್ಷರ, ದೀರ್ಘ, ಮಹಾಪ್ರಾಣ ಎಲ್ಲ ಎರಡನೇ ಸಲ ಬರೆಯುವಾಗ ತಿದ್ದಿ. ಅದೂ ಒಂದು ಸಲಕ್ಕೆ ಒಂದೇ ಬಗೆಯ ತಪ್ಪು. ಮೊದಲ ಬರಹಕ್ಕೆ ಕೆಂಪು ಪೆನ್ನು ಬೇಡವೇ ಬೇಡ.

ಸಾಲುಸಾಲಿಗೂ ‘ಆಮೇಲೆ’ ಬಂದಿದ್ದರೆ ಗಟ್ಟಿಯಾಗಿ ಓದಿಸಿ. ಕಿವಿಗೆ ಬಿದ್ದಾಗ ಮಕ್ಕಳೇ ಅರ್ಧ ಹೊಡೆದುಹಾಕ್ತಾರೆ. ಇನ್ನು ‘ತುಂಬಾ ಖುಷಿಯಾಯಿತು’ ಅನ್ನೋ ಕೊನೇ ಸಾಲು. ಅದನ್ನ ಬೆರಳಲ್ಲಿ ಮುಚ್ಚಿಸಿ ಇನ್ನೊಂದು ಸಲ ಓದಿಸಿ, ಬೇಕಾ ಬೇಡವಾ ಅಂತ ಮಗುವನ್ನೇ ಕೇಳಿ.