ಕಥೆ, ಶಿಶುಪದ್ಯ, ರೇಡಿಯೋ ನಾಟಕ: ಮೈಸೂರಿನಲ್ಲಿ ನನ್ನ ಬರಹದ ಬದುಕು

ನಮಸ್ಕಾರ. ಈ ವಿಡಿಯೋಗಾಗಿ ಇವತ್ತು ಮೈಸೂರಿನ ಯಾದವಗಿರಿಗೆ ಬಂದಿದ್ದೇನೆ. ಪುಸ್ತಕ ಕೊಂಡವರು, ಪರಿಚಯದವರು ನನಗೆ ಮತ್ತೆ ಮತ್ತೆ ಹೇಳುವ ಮಾತೊಂದಿದೆ. "ಕಥೆ ಬರೀತೀರಿ, ಮಕ್ಕಳ ಪದ್ಯ ಬರೀತೀರಿ, ರೇಡಿಯೋ ನಾಟಕ ಬೇರೆ. ಯಾವುದಾದರೂ ಒಂದನ್ನು ಹಿಡ್ಕೊಳ್ಳಿ, ಆಗ ಹೆಸರು ಬರುತ್ತೆ." ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ. ನಾನು ಮಾತ್ರ ಇದನ್ನು ಒಪ್ಪುವುದಿಲ್ಲ. ಯಾಕೆ ಅಂತ ಹೇಳೋಕೆ ಈ ರಸ್ತೆಯಿಂದ ಶುರುಮಾಡೋಣ.

ಈಗ ಕಾಣುತ್ತಿರುವುದು ಆರ್.ಕೆ. ನಾರಾಯಣ್ ಅವರ ಮನೆ. 2011ರಲ್ಲಿ ಇದನ್ನು ಒಡೆಯೋಕೆ ಶುರುಮಾಡಿದ್ದರು. ಊರಿನವರು ದನಿ ಎತ್ತಿದ ಮೇಲೆ ಅದು ನಿಂತಿತು. 2016ರಿಂದ ಇದು ವಸ್ತುಸಂಗ್ರಹಾಲಯ. ಅವರು ಕೂತು ಬರೆಯುತ್ತಿದ್ದ ಕೋಣೆಗೆ ಎಂಟು ಕಿಟಕಿ. ಆಗೆಲ್ಲ ಅಲ್ಲಿಂದ ಚಾಮುಂಡಿ ಬೆಟ್ಟ ಕಾಣುತ್ತಿತ್ತಂತೆ.

ನಾರಾಯಣ್ ಬರೆದದ್ದು ಇಂಗ್ಲಿಷಿನಲ್ಲಿ. ಆದರೆ ಮೈಸೂರಿನಲ್ಲಿ ಕೂತು ಬರವಣಿಗೆಯನ್ನೇ ನಂಬಿ ಬದುಕೋದು ಹೇಗೆ ಅಂತ ಯೋಚಿಸುವಾಗ ನನಗೆ ಮೊದಲು ನೆನಪಾಗುವುದು ಅವರೇ. ಮೊದಲ ಕಾದಂಬರಿ 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮೆಚ್ಚಿದವರಿದ್ದರು, ದುಡ್ಡು ಬರಲಿಲ್ಲ. ಮದ್ರಾಸಿನ ಪತ್ರಿಕೆಯೊಂದಕ್ಕೆ ಮೈಸೂರಿನ ಸುದ್ದಿ ಬರೆದು ಕಳಿಸುತ್ತಿದ್ದರು. ಅದಕ್ಕಾಗಿ ಮಾರುಕಟ್ಟೆ, ಕೋರ್ಟು, ಪುರಸಭೆ ಅಂತ ಸುತ್ತುತ್ತಿದ್ದರು. ಪತ್ರಿಕೆಗಳಿಗೆ ಸಣ್ಣಕಥೆ, ಪ್ರಬಂಧ ಬರೆದರು. ಮೈಸೂರು ಸಂಸ್ಥಾನದ ಬಗ್ಗೆ ಒಂದು ಪ್ರವಾಸದ ಪುಸ್ತಕ, ಸಿನಿಮಾಕ್ಕೆ ಕಥೆ, ಮುಂದೆ ರಾಮಾಯಣ, ಮಹಾಭಾರತಗಳ ಮರುನಿರೂಪಣೆ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಪ್ರಕಾಶಕರ ದಾರಿ ಮುಚ್ಚಿದಾಗ, 1942ರಲ್ಲಿ ಇದೇ ಮೈಸೂರಿನಲ್ಲಿ 'ಇಂಡಿಯನ್ ಥಾಟ್ ಪಬ್ಲಿಕೇಷನ್ಸ್' ಅಂತ ತಮ್ಮದೇ ಪ್ರಕಾಶನ ತೆರೆದರು. ಸ್ವತಂತ್ರ ಲೇಖಕ ಅನ್ನೋದು ಈಚೆಗೆ ಹುಟ್ಟಿದ್ದು ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ನಮ್ಮ ಊರಿನಲ್ಲೇ ಎಂಬತ್ತು ವರ್ಷಕ್ಕೂ ಜಾಸ್ತಿ ಹಳೆಯದು.

ವೊಂಟಿಕೊಪ್ಪಲಿನ ಕಡೆ ಹೋದರೆ ಕುವೆಂಪು ಅವರ 'ಉದಯರವಿ'. ಮಹಾಕಾವ್ಯ ಬರೆದ ಕೈಯೇ ಮಕ್ಕಳಿಗೆ ಕಿಂದರಿಜೋಗಿಯ ಪದ್ಯ ಬರೆಯಿತು. ಎರಡು ದೊಡ್ಡ ಕಾದಂಬರಿ, ನಾಟಕಗಳು, ಜೀವನಚರಿತ್ರೆ, ಮಲೆನಾಡಿನ ಚಿತ್ರಗಳು, ಎಲ್ಲವೂ ಅವರದೇ. ಅವರಿಗೆ ವಿಶ್ವವಿದ್ಯಾನಿಲಯದ ಸಂಬಳ ಇತ್ತು, ನಿಜ. ಆದರೆ ಶಿಶುಪದ್ಯವನ್ನು ಯಾರೂ ಸಂಬಳಕ್ಕೆ ಬರೆಯುವುದಿಲ್ಲ, ಅಲ್ವಾ?

ಈಗ ನನ್ನ ಕೆಲಸದ ಕಡೆ ಬರುತ್ತೇನೆ.

ಇದು ಮೈಸೂರು ಆಕಾಶವಾಣಿ. ಇದೂ ಯಾದವಗಿರಿಯಲ್ಲೇ ಇದೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದ್ದರು. ಇಂಥ ಊರಿನಲ್ಲಿ ರೇಡಿಯೋಗೆ ಬರೆಯೋದು ನನಗೆ ಹೆಮ್ಮೆ. ರೇಡಿಯೋ ನಾಟಕದಲ್ಲಿ ಪಾತ್ರ ಒಳಗೆ ಬಂದದ್ದು ಕೇಳುಗರಿಗೆ ಕಾಣುವುದಿಲ್ಲ. ಚಪ್ಪಲಿ ಬಿಟ್ಟ ಸದ್ದು, ಲೋಟ ಇಟ್ಟ ಸದ್ದು, ಇಲ್ಲವೇ ಮಾತು, ಅಷ್ಟರಲ್ಲೇ ಎಲ್ಲ ತಿಳಿಯಬೇಕು. ನಾಲ್ಕು ಜನ ಮಾತಾಡುತ್ತಿದ್ದರೆ ಯಾರ ಮಾತು ಯಾರದು ಅಂತ ಹೆಸರಿಲ್ಲದೆ ಗೊತ್ತಾಗಬೇಕು. ಇದನ್ನು ಕಲಿತ ಮೇಲೆ ನನ್ನ ಕಥೆಗಳ ಸಂಭಾಷಣೆ ಬದಲಾಯಿತು. "ಅವನು ಕೋಪದಿಂದ ಹೇಳಿದ" ಅಂತ ಬರೆಯೋದು ಬಿಟ್ಟೆ. ಕೋಪ ಮಾತಿನಲ್ಲೇ ಇರಬೇಕು. ಈಗಲೂ ಕಥೆ ಮುಗಿದ ಮೇಲೆ ಬಾಗಿಲು ಹಾಕಿಕೊಂಡು ಜೋರಾಗಿ ಓದುತ್ತೇನೆ. ನಾಲಿಗೆ ಎಡವಿದ ಕಡೆಯಲ್ಲೆಲ್ಲ ವಾಕ್ಯ ಸರಿಯಿಲ್ಲ ಅಂತಲೇ ಅರ್ಥ.

ಶಿಶುಪದ್ಯದಿಂದ ಬಂದದ್ದು ಲಯ, ಅಳತೆ. ಮಗು ಕೈ ತಟ್ಟುತ್ತಾ ಹೇಳುವಾಗ ಒಂದು ಮಾತ್ರೆ ಹೆಚ್ಚಾದರೂ ತಾಳ ತಪ್ಪುತ್ತದೆ.

ಇನ್ನು ಈ ಸಣ್ಣ ಪುಸ್ತಕ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಅಮ್ಮನ ಊರು ಪಾಂಡವಪುರದ ಕಡೆ. ಕನ್ನಂಬಾಡಿ ಕಟ್ಟೆಯಿಂದ ವಿಸಿ ನಾಲೆ, ಅಂದರೆ ವಿಶ್ವೇಶ್ವರಯ್ಯ ನಾಲೆ, ಬಂದ ಮೇಲೆ ಆ ಭಾಗ ಹೇಗೆ ಬದಲಾಯಿತು ಅಂತ ಬರೆದ ಕಿರುಹೊತ್ತಗೆ ಇದು. ಆ ಕಟ್ಟೆಯ, ಅಂದರೆ ಕೆಆರ್‌ಎಸ್ ಅಣೆಕಟ್ಟಿನ, ಕೆಲಸ 1911ರಲ್ಲಿ ಶುರುವಾಯಿತು. ಹುಲಿಕೆರೆ ಹತ್ತಿರ ಗುಡ್ಡ ಕೊರೆದು ಸುರಂಗದಲ್ಲಿ ನೀರು ಹಾಯಿಸಿದರು. ಆಗ ಈ ನಾಲೆಯ ಹೆಸರು ಇರ್ವಿನ್ ನಾಲೆ. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಿಗೆ ಭತ್ತ, ಕಬ್ಬು ಬಂತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆ. ಇಷ್ಟು ದಾಖಲೆಗಳಲ್ಲಿ ಸಿಗುತ್ತದೆ. ಸಿಗದೇ ಇದ್ದದ್ದನ್ನು ಹುಡುಕಿಕೊಂಡು ಊರಿನ ಜಗಲಿಗಳಲ್ಲಿ ಕೂತೆ.

ಅಲ್ಲಿ ನೀರುಗಂಟಿ ಕೆಲಸ ಮಾಡಿದ್ದ ತಾತ ಒಬ್ಬರು ಸಿಕ್ಕರು. ನಾಲೆಯ ತೂಬು, ಅಂದರೆ ನೀರು ಬಿಡುವ ಬಾಗಿಲು, ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಅಂತ ನೋಡಿಕೊಳ್ಳುವ ಕೆಲಸ ಅದು. ಮಾತಿನ ನಡುವೆ ಅವರು ಹೇಳಿದರು: "ರಾತ್ರಿ ನೀರು ಕದಿಯೋನು ತೂಬ ಪೂರ್ತಿ ಎತ್ತಾಕಿಲ್ಲ ಕಣವ್ವ. ನಾಕು ಬೆಳ್ಳು ಎತ್ತಿ ಸುಮ್ನೆ ಹೊಂಟೋಯ್ತನೆ. ಪೂರ್ತಿ ಎತ್ತುದ್ರೆ ಕೆಳಗಿನ ಗದ್ದೆಯೋರ್ಗೆ ಗೊತ್ತಾಗೋಯ್ತದೆ."

ಈ ಮಾತನ್ನು ಕಿರುಹೊತ್ತಗೆಯಲ್ಲಿ ಹಾಕೋಕೆ ಆಗಲಿಲ್ಲ. ಹಾಕಿದರೆ ಯಾರು, ಯಾವ ವರ್ಷ, ಯಾರ ಗದ್ದೆ ಅಂತ ಹೇಳಬೇಕು. ಊರಿನಲ್ಲಿ ಇವತ್ತೂ ನೀರು ಕದ್ದವರ, ಕಳಕೊಂಡವರ ಮಕ್ಕಳು, ಮೊಮ್ಮಕ್ಕಳು ಎದುರುಬದುರು ಮನೆಯಲ್ಲಿದ್ದಾರೆ. ಆದರೆ ಆ ನಾಲ್ಕು ಬೆರಳು ನನ್ನನ್ನು ಬಿಡಲಿಲ್ಲ. ಕೆಳಗಿನ ಗದ್ದೆಯವನಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲವಾ? ಗೊತ್ತಿದ್ದೂ ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದ? ನಾನೀಗ ಬರೆಯುತ್ತಿರುವ ಕಾದಂಬರಿ ಶುರುವಾದದ್ದು ಅಲ್ಲಿಂದ. ಬರೀ ಕಾದಂಬರಿ ಬರೆಯುವವಳಾಗಿದ್ದರೆ ನಾನು ಆ ಜಗಲಿಗೆ ಹೋಗುತ್ತಲೇ ಇರಲಿಲ್ಲ. ಬರೀ ಚರಿತ್ರೆ ಬರೆಯುವವಳಾಗಿದ್ದರೆ ಆ ಮಾತು ನನ್ನ ನೋಟ್‌ಬುಕ್ಕಿನಲ್ಲೇ ಉಳಿಯುತ್ತಿತ್ತು. ಒಂದನ್ನೇ ಹಿಡ್ಕೊಳ್ಳಿ ಅನ್ನುವವರಿಗೆ ನಾನು ಕೊಡುವ ಉತ್ತರ ಇದು.

ಬರೆದ ಮೇಲೆ ಅಚ್ಚಿನ ಕೆಲಸ. ಇದು ಬರಹ ಟೈಪು ಮಾಡಿ ಪುಟ ಜೋಡಿಸಿಕೊಡುವ ನಮ್ಮ ಡಿಟಿಪಿ ಅಕ್ಕನ ಅಂಗಡಿ. ಅವರು ಮುಖ ತೋರಿಸೋದು ಬೇಡ ಅಂದಿದ್ದಾರೆ, ಅದಕ್ಕೆ ಬರೀ ಕೀಬೋರ್ಡ್ ಕಾಣುತ್ತಿದೆ. ನನ್ನ ಹಳೆಯ ಬರಹಗಳೆಲ್ಲ 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿವೆ. ಈಗ ಎಲ್ಲ ಕಡೆ ಬಳಸುವ ಯೂನಿಕೋಡಿಗೆ ಬದಲಾಯಿಸಿದಾಗ ಅರ್ಕಾವತ್ತುಗಳು ಅಲ್ಲಲ್ಲಿ ಜಾಗ ಬಿಟ್ಟು ಜಿಗಿಯುತ್ತವೆ. ಕಾಗದದ ಮೇಲೆ ಅರ್ಕಾವತ್ತು ಅಕ್ಷರದ ಆಮೇಲೆ ಕಾಣುತ್ತದೆ. ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಹಾಗಾಗಿ ಕರಡನ್ನು ಸಾಲು ಸಾಲಾಗಿ ಕಣ್ಣಿಟ್ಟು ಓದಲೇಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಪುಟದ ಲೆಕ್ಕ ಫಾರಂನಲ್ಲಿ. ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೆ ಒಂದು ಫಾರಂ. ಕಥೆ 162 ಪುಟಕ್ಕೆ ನಿಂತರೆ ಆ ಎರಡು ಪುಟಕ್ಕಾಗಿ ಇನ್ನೊಂದು ಫಾರಂನ ಖರ್ಚು ಹೊರಬೇಕು, ಇಲ್ಲವೇ ಅಕ್ಷರ, ಸಾಲು ಹೊಂದಿಸಿ 160ಕ್ಕೆ ತರಬೇಕು. ಆಫ್‌ಸೆಟ್ಟಿನಲ್ಲಿ ಪ್ಲೇಟಿನ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಅದಕ್ಕೇ ಮೊದಲೆಲ್ಲ ಸಾವಿರ ಪ್ರತಿ ಹಾಕಿಸಿ ಮಂಚದ ಕೆಳಗೆ ಕಟ್ಟು ಕಟ್ಟಿ ಇಡುತ್ತಿದ್ದರು. ಈಗ ಡಿಜಿಟಲ್ ಮುದ್ರಣದಲ್ಲಿ ನೂರು ಪ್ರತಿಯೂ ಹಾಕಿಸಬಹುದು. ಒಂದು ಪ್ರತಿಗೆ ಖರ್ಚು ಜಾಸ್ತಿ ಬೀಳುತ್ತದೆ, ಆದರೆ ಸಾಲ ಮಾಡಬೇಕಾಗಿಲ್ಲ. ನಮ್ಮಂಥವರಿಗೆ ಇದು ದೊಡ್ಡ ಅನುಕೂಲ.

ಮಾರಾಟದ ವಿಷಯ ಬೇಗ ಮುಗಿಸುತ್ತೇನೆ. ಒಬ್ಬ ವಿತರಕರು ನನ್ನ ಪುಸ್ತಕ ತೆಗೆದುಕೊಂಡು ಹೋಗಿ ಇವತ್ತಿನವರೆಗೂ ಲೆಕ್ಕ ಕೊಟ್ಟಿಲ್ಲ. ಆಮೇಲೆ ನಾನೇ ಮಾರೋಕೆ ಶುರುಮಾಡಿದೆ. ಹಳೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ತಮ್ಮದೇ ಮುದ್ರಣಾಲಯ, ಪ್ರಕಾಶನ ನಡೆಸಿದರು. ಅಂಥವರು ನಡೆದ ದಾರಿ ಇದು. ಶಾಲೆಗಳಲ್ಲಿ ಶಿಶುಪದ್ಯ ಹೇಳಿಸುವ ದಿನ ಪುಸ್ತಕ ಜೊತೆಗೇ ಒಯ್ಯುತ್ತೇನೆ. ನಾಲೆಯ ಕಿರುಹೊತ್ತಗೆ ಜಾಸ್ತಿ ಹೋಗಿದ್ದು ಪುಸ್ತಕದಂಗಡಿಯಲ್ಲಲ್ಲ, ಊರಿನ ಡೇರಿಯ ಮುಂದೆ. ಹಾಲು ಹಾಕೋಕೆ ಬಂದವರು ತಮ್ಮ ತಾತನ ಹೆಸರು ಇದೆಯಾ ಅಂತ ಪುಟ ತಿರುಗಿಸಿ ನೋಡಿ ಕೊಂಡರು.

ಕಾದಂಬರಿಯ ಮೊದಲ ಭಾಗದ ಕರಡು ಈಗ ಡಿಟಿಪಿ ಅಕ್ಕನ ಹತ್ತಿರ ಇದೆ. ಎರಡನೇ ಭಾಗದಲ್ಲಿ ನೀರುಗಂಟಿಯ ಹೆಂಡತಿ ಮಾತಾಡಬೇಕು. ಅವಳ ಮಾತನ್ನು ಮೊದಲು ಅರ್ಧ ಗಂಟೆಯ ರೇಡಿಯೋ ನಾಟಕವಾಗಿ ಬರೆಯುತ್ತಿದ್ದೇನೆ. ಅವಳ ದನಿ ಕಿವಿಗೆ ಸರಿಯಾಗಿ ಬಿದ್ದ ಮೇಲೆ ಆ ಅಧ್ಯಾಯಕ್ಕೆ ಕೈ ಹಾಕುತ್ತೇನೆ.