ಗಾಡಿ ಬುಕ್ ಮಾಡೋಕ್ ಮುಂಚೆ ಮೀಟರ್ ಬೋರ್ಡ್ ನೋಡಿ

ಎಲ್ರಿಗೂ ನಮಸ್ಕಾರ. ಯಾವ ಎಲೆಕ್ಟ್ರಿಕ್ ಗಾಡಿ ತಗೊಳ್ಳೋದು ಅಂತ ಕೇಳೋಕೇ ಅರ್ಧ ಜನ ಬಂದಿದೀರಿ ಅಂತ ಗೊತ್ತು, ಅದನ್ನ ಶೋರೂಮಿನೋರು ನನಗಿಂತ ಚೆನ್ನಾಗಿ ಹೇಳ್ತಾರೆ ಬಿಡಿ. ನಾನು ವೈರಿಂಗ್ ಕೆಲಸದೋನು, ನಿಮ್ಮ ಮನೆ ಗೋಡೆ ಒಳಗಿರೋದರ ಬಗ್ಗೆ ಮಾತಾಡ್ತೀನಿ.

ನಮ್ಮ ರಾಜ್ಯಕ್ಕೆ ಇದೇನ್ ಹೊಸದಲ್ಲ. 2001ರಲ್ಲೇ ಬೆಂಗಳೂರಿಂದ ರೇವಾ ಅನ್ನೋ ಪುಟಾಣಿ ಕಾರ್ ಬಂತು, ಲೆಡ್ ಆಸಿಡ್ ಬ್ಯಾಟರಿ, ಮನೆ ಪವರ್ ಸಾಕೆಟ್ಟಿಗೆ ಸಿಗಿಸಿದ್ರೆ ಆಯ್ತು. ಈಗಿನ ಕಾರಿನ ಬ್ಯಾಟರಿ ಅದರ ಮೂರ್ನಾಲ್ಕು ಪಟ್ಟು ದೊಡ್ಡದು, ಆದ್ರೆ ತುಂಬಾ ಜನ ಇವತ್ತಿಗೂ ಚಾರ್ಜ್ ಹಾಕೋದು ಅದೇ ತರದ ಸಾಕೆಟ್ಟಿಗೇ.

ಅದು ಸಾಲಲ್ಲ ಅಂದ್ರೆ, "ಅದೇ ಸಾಕೆಟ್ಟಲ್ಲಿ ಗೀಸರ್ ನಡೀತಾ ಇದೆಯಲ್ಲಾ ಸಾರ್, ಕಾರ್ ಯಾಕ್ ನಡಿಯಲ್ಲ" ಅಂತಾರೆ. ಗೀಸರ್ 2 ಕಿಲೋವ್ಯಾಟ್ ಎಳೆದ್ರೂ ಹದಿನೈದು ಇಪ್ಪತ್ತು ನಿಮಿಷಕ್ಕೆ ನೀರು ಕಾದು ತಾನಾಗೇ ಕಟ್ ಆಗತ್ತೆ, ಸಾಕೆಟ್ ತಣ್ಣಗಾಗೋಕೆ ಟೈಮ್ ಸಿಗತ್ತೆ. ಕಾರ್ ಹಂಗಲ್ಲ, 3 ಕಿಲೋವ್ಯಾಟ್ ಹತ್ರ ಎಳೀತಾ ಎಂಟೊಂಬತ್ತು ಗಂಟೆ ಒಂದೇ ಸಮ ಇರತ್ತೆ, ಅದೂ ನೀವು ಮಲಗಿರೋ ಹೊತ್ತಲ್ಲಿ. ಸಾಕೆಟ್ ಒಳಗೆ ಒಂದು ಸ್ಕ್ರೂ ಲೂಸ್ ಇದ್ರೆ ಸಾಕು, ಅಲ್ಲೇ ಬಿಸಿಯಾಗಿ ಬೆಳಿಗ್ಗೆಗೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರತ್ತೆ. ಅದಕ್ಕೇ ಮೀಟರಿಂದ ನೇರ ಪಾರ್ಕಿಂಗಿಗೆ ಬೇರೆ ಲೈನ್ ಎಳೆಸಿ, 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಅದಕ್ಕೇ ಅಂತ ಒಂದು ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನಾಗೇ ಕಟ್ ಆಗೋ ಸ್ವಿಚ್), ಒಂದು ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ಕಟ್ ಆಗೋ ಸ್ವಿಚ್). ಲಕ್ಷಗಟ್ಟಲೆ ಕಾರಿಗೆ ಕೊಟ್ಟು ವೈರಲ್ಲಿ ಉಳಿತಾಯ ಮಾಡೋರನ್ನ ಕಂಡ್ರೆ ನನಗೆ ಅರ್ಥಾನೇ ಆಗಲ್ಲ.

ಇನ್ನು ಅರ್ತಿಂಗ್, ಅಂದ್ರೆ ಲೀಕ್ ಆದ ಕರೆಂಟ್ ನೆಲಕ್ಕೆ ಹೋಗೋ ದಾರಿ. ಹಳೇ ಮನೆಗಳಲ್ಲಿ ಮೂರನೇ ಪಿನ್ ಬರೀ ಶೋಗೆ ಇರತ್ತೆ, ಮಿಕ್ಸಿ ಟೀವಿಗೆ ಗೊತ್ತಾಗಲ್ಲ, ಕಾರ್ ಚಾರ್ಜರ್ ಮಾತ್ರ ಕೆಂಪು ಲೈಟ್ ಹಾಕ್ಕೊಂಡು ಕೂತ್ಬಿಡತ್ತೆ, ಜನ ಚಾರ್ಜರ್ ಹೋಯ್ತು ಅಂತ ಸರ್ವಿಸಿಗೆ ಫೋನ್ ಮಾಡ್ತಾರೆ. ಮಳೆಗಾಲದಲ್ಲಿ ಸರಿಯಾಗಿ ಚಾರ್ಜ್ ಆಗ್ತಿದ್ದ ಕಾರು ಏಪ್ರಿಲಲ್ಲಿ ಹಠ ಹಿಡೀತು ಅಂದ್ರೆ ಮೊದಲು ಅರ್ತ್ ಗುಂಡಿ ನೋಡಿ, ಮಣ್ಣು ಒಣಗಿರತ್ತೆ. ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ವೋಲ್ಟೇಜ್ ನೋಡ್ತಾರೆ, ಎರಡು ಮೂರು ವೋಲ್ಟ್ ಒಳಗಿದ್ರೆ ಸರಿ. ಜಾಸ್ತಿ ಇದ್ರೆ ಗುಂಡಿಗೆ ಇದ್ದಿಲು ಉಪ್ಪು ತುಂಬಿಸಿ, ಬೇಸಿಗೆ ಪೂರ್ತಿ ನೀರು ಹಾಕ್ತಿರಿ.

ಆಮೇಲೆ ಕರೆಂಟ್ ಬಿಲ್ ತೆಗೆದು ಸ್ಯಾಂಕ್ಷನ್ ಲೋಡ್, ಅಂದ್ರೆ ನಿಮ್ಮ ಮನೆ ಒಟ್ಟಿಗೆ ಎಷ್ಟು ಕಿಲೋವ್ಯಾಟ್ ಎಳೀಬೋದು ಅಂತ ಮಂಜೂರಾಗಿರೋದು, ಎಷ್ಟಿದೆ ನೋಡಿ. ಒಂದೋ ಎರಡೋ ಕಿಲೋವ್ಯಾಟ್ ಇರೋ ಮನೆ ಈಗಲೂ ಬೇಕಾದಷ್ಟಿದೆ, ಅಲ್ಲಿ ಲೋಡ್ ಏರಿಸಿಕೊಳ್ದೆ ಕಾರ್ ಚಾರ್ಜ್ ಹಾಕೋದು ತಪ್ಪು. ಜೊತೆಗೆ ಗೃಹಜ್ಯೋತಿ ಲೆಕ್ಕಾನೂ ಹಾಕಿ (ಇದನ್ನ ಯಾವ ಸೇಲ್ಸ್ ಹುಡುಗನೂ ಹೇಳಲ್ಲ). ಕಾರು ಒಂದು ಯೂನಿಟ್ಟಿಗೆ ಆರೇಳು ಕಿಲೋಮೀಟರ್ ಕೊಡತ್ತೆ, ತಿಂಗಳಿಗೆ ಸಾವಿರ ಕಿಲೋಮೀಟರ್ ಓಡ್ಸಿದ್ರೆ 150 ಯೂನಿಟ್ ಆಯ್ತು, ಮನೆದೂ ಸೇರಿ 200 ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು. ಆದ್ರೂ ಪೆಟ್ರೋಲಿಗಿಂತ ಅಗ್ಗಾನೇ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ "ಕರೆಂಟ್ ಫ್ರೀ" ಅಂದ್ಕೊಂಡು ತಗೋಬೇಡಿ.

ಸ್ಕೂಟರ್ ತಗೊಳ್ಳೋರಿಗೆ ಇಷ್ಟು ತಲೆನೋವಿಲ್ಲ. ಯೂನಿಟ್ಟಿಗೆ ಮೂವತ್ತು ಕಿಲೋಮೀಟರ್ ಹತ್ರ ಓಡತ್ತೆ, ಮನೆ ಚಾರ್ಜರ್ ಸಾಮಾನ್ಯವಾಗಿ ಗೀಸರಿಗಿಂತ ಕಮ್ಮಿ ಎಳೆಯತ್ತೆ. ಬಾಡಿಗೆ ಮನೆ, ಎರಡನೇ ಫ್ಲೋರ್ ಅಂದ್ರೆ ಬ್ಯಾಟರಿ ಬಿಚ್ಚಿ ಒಯ್ಯೋ ಗಾಡಿ ನೋಡಿ, ಬಾಲ್ಕನಿಯಿಂದ ವೈರ್ ಇಳಿಬಿಡೋದು ಬೇಡ.

ಲಾಂಗ್ ಹೋಗೋರಿಗೆ ಒಂದೇ ಮಾತು, ಹೈವೇ ಫಾಸ್ಟ್ ಚಾರ್ಜರಲ್ಲಿ 80 ಪರ್ಸೆಂಟ್ ಆಗ್ತಿದ್ದಂಗೆ ಬಿಚ್ಚಿ ಹೊರಡಿ. ಅಲ್ಲಿಂದ ಮುಂದೆ ಬ್ಯಾಟರಿನೇ ಕರೆಂಟ್ ತಗೊಳ್ಳೋದು ನಿಧಾನ ಮಾಡತ್ತೆ, ನಿಮ್ಮ ಹಿಂದೆ ಕ್ಯೂ ಬೆಳೀತಿರತ್ತೆ.

ಈಗ ನೀವು ಕೇಳಿ. ಎಕ್ಸ್‌ಟೆನ್ಷನ್ ಬಾಕ್ಸಲ್ಲಿ ಕಾರ್ ಚಾರ್ಜ್ ಹಾಕ್ಬೋದಾ ಅಂತ ಮಾತ್ರ ಕೇಳ್ಬೇಡಿ, ಹಾಕಂಗಿಲ್ಲ.